ಒಂದಕ್ಕೊಂದು ಮಾತಾಡದ ಆ್ಯಪ್‌ಗಳು, ನಡುವೆ ಓಡಾಡುವ ಊರು

ಗ್ರಾಮ ಆಡಳಿತಾಧಿಕಾರಿಯೊಬ್ಬರ ಫೋನಿನ ಪರದೆಯನ್ನು ಒಮ್ಮೆ ನೋಡಬೇಕು. ಬೆಳೆ ಸಮೀಕ್ಷೆಗೆ ಒಂದು ಆ್ಯಪ್, ಸರ್ವೆ ನಂಬರ್ ಗುರುತಿಸಲು ದಿಶಾಂಕ್, ಸರ್ಕಾರಿ ಜಮೀನು ಒತ್ತುವರಿಯಾಗಿದೆಯೇ ಎಂದು ನೋಡಿಬರಲು ಲ್ಯಾಂಡ್ ಬೀಟ್, ಪಹಣಿಗೆ ಆಧಾರ್ ಜೋಡಿಸಲು ಇನ್ನೊಂದು, ಬಗರ್‌ಹುಕುಂ ಅರ್ಜಿಗೆ ಮತ್ತೊಂದು, ಪೌತಿ ಖಾತೆಗೆ ಮಗದೊಂದು, ಮತದಾರರ ಪಟ್ಟಿಗೆ ಬೇರೆಯದೇ. 2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಕೆಲಸ ನಿಲ್ಲಿಸಿ ತಾಲ್ಲೂಕು ಕಚೇರಿಗಳ ಮುಂದೆ ಧರಣಿ ಕೂತರು. 2025ರ ಫೆಬ್ರುವರಿಯಲ್ಲಿ ಮತ್ತೆ ಕೂತರು. ಅವರ ಬೇಡಿಕೆಗಳಲ್ಲಿ ಬಡ್ತಿ, ವರ್ಗಾವಣೆಗಳ ಜೊತೆಗೆ ಎದ್ದು ಕಂಡ ಅಹವಾಲು ಇದು: ಹದಿನೈದಕ್ಕೂ ಹೆಚ್ಚು ಆ್ಯಪ್ ಮತ್ತು ತಂತ್ರಾಂಶಗಳಲ್ಲಿ ದುಡಿಯಬೇಕು, ಅದಕ್ಕೆ ತಕ್ಕ ಫೋನಿಲ್ಲ, ಲ್ಯಾಪ್‌ಟಾಪಿಲ್ಲ, ಕೂರಲು ಸರಿಯಾದ ಕಚೇರಿಯೂ ಇಲ್ಲ.

ಲ್ಯಾಪ್‌ಟಾಪ್ ಕೊಡುವ ಕೆಲಸವನ್ನು ಸರ್ಕಾರ ಆಮೇಲೆ ಶುರು ಮಾಡಿತು. ಅದು ಆಗಬೇಕಾದದ್ದೇ. ಆದರೆ ಎಷ್ಟು ಒಳ್ಳೆಯ ಯಂತ್ರ ಕೊಟ್ಟರೂ ಬಗೆಹರಿಯದ ಒಂದು ತೊಡಕು ಆ ಅಹವಾಲಿನೊಳಗೇ ಇದೆ. ಈ ಆ್ಯಪ್‌ಗಳಿಗೆ ಪರಸ್ಪರ ಪರಿಚಯವಿಲ್ಲ. ಒಂದರಲ್ಲಿ ತಿದ್ದಿದ ಹೆಸರು ಇನ್ನೊಂದಕ್ಕೆ ಹೋಗುವುದಿಲ್ಲ. ಒಂದರಲ್ಲಿ ‘ಅಪ್ರೂವ್ಡ್’ ಎಂದು ತೋರುವ ರೈತ ಇನ್ನೊಂದರಲ್ಲಿ ‘ಪೆಂಡಿಂಗ್’. ಒಂದರಲ್ಲಿ ಬದುಕಿರುವವರು ಇನ್ನೊಂದರಲ್ಲಿ ತೀರಿಕೊಂಡಿರುತ್ತಾರೆ. ಈ ನಡುವಿನ ದಾರಿಯಲ್ಲಿ ಕಾಗದ ಹಿಡಿದು ಓಡಾಡುವುದು ಮನುಷ್ಯರು. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಕ್ಷಣದಲ್ಲಿ ಹೋಗಬಹುದಾದ ಮಾಹಿತಿಯನ್ನು ಯಳಂದೂರಿಂದ ಕೊಳ್ಳೇಗಾಲಕ್ಕೆ, ನಾಡಕಚೇರಿಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಗ್ರಾಮ ಒನ್‌ಗೆ ಹೊತ್ತು ತಿರುಗುತ್ತಿರುವವರು ಕೂಲಿ ಬಿಟ್ಟು ಬಂದ ಹೆಂಗಸರು, ಗದ್ದೆಗೆ ನೀರು ಕಟ್ಟುವುದನ್ನು ಬಿಟ್ಟು ಬಂದ ರೈತರು.

ಚಾಮರಾಜನಗರ ಜಿಲ್ಲೆಯ ಯಳಂದೂರು ತಾಲ್ಲೂಕಿನ ಮಾಂಬಳ್ಳಿಯನ್ನೇ ತೆಗೆದುಕೊಳ್ಳೋಣ. ಅಗರ-ಮಾಂಬಳ್ಳಿ ಎಂದು ಜೋಡಿಯಾಗಿಯೇ ಕರೆಸಿಕೊಳ್ಳುವ, ಒಂದು ಕಾಲಕ್ಕೆ ರೇಷ್ಮೆ ಕಾರ್ಖಾನೆಯಿಂದ ಹೆಸರಾದ ಊರು. ಇಂಥ ಊರಿನ ಯಾವುದೇ ಸಾಧಾರಣ ಒಕ್ಕಲು ಮನೆ ಸರ್ಕಾರದ ಕಣ್ಣಿಗೆ ಒಂದು ಮನೆಯಾಗಿ ಕಾಣುವುದಿಲ್ಲ. ಕಂದಾಯ ಇಲಾಖೆಯ ‘ಭೂಮಿ’ಗೆ ಅದು ಒಂದು ಸರ್ವೆ ನಂಬರ್ ಮತ್ತು ಹಿಸ್ಸಾ. ಆಹಾರ ಇಲಾಖೆಗೆ ಒಂದು ಪಡಿತರ ಚೀಟಿ. ಆಧಾರ್‌ಗೆ ಐದು ಬಿಡಿ ಬಿಡಿ ಮನುಷ್ಯರು. ಚೆಸ್ಕಾಂಗೆ ಒಂದು ಆರ್‌ಆರ್ ನಂಬರ್. ಬ್ಯಾಂಕಿಗೆ ಎರಡು ಖಾತೆ. ಟೆಲಿಕಾಂ ಕಂಪನಿಗೆ ಮೂರು ಸಿಮ್. ಆರೋಗ್ಯ ಇಲಾಖೆಗೆ ಒಂದು ತಾಯಿ ಕಾರ್ಡ್. ಪಂಚಾಯಿತಿಗೆ ಒಂದು ಮನೆ ಖಾತೆ, ಒಂದು ಜಾಬ್ ಕಾರ್ಡ್.

ಸಮಸ್ಯೆಯ ಬೇರು ಇಲ್ಲೇ ಇದೆ. ಪ್ರತಿ ಇಲಾಖೆಯೂ ಬೇರೆ ಬೇರೆ ವಸ್ತುವನ್ನು ಎಣಿಸುತ್ತಾ ಬಂದಿದೆ. ಒಂದು ನೆಲವನ್ನು ಎಣಿಸಿತು, ಒಂದು ಒಲೆಯನ್ನು, ಒಂದು ಬೆರಳಚ್ಚನ್ನು, ಒಂದು ಮೀಟರನ್ನು. ಈಗ ಇವೆಲ್ಲ ಒಂದೇ ಮನೆಯವು ಎಂದು ಹೇಳುವ ಸೂತ್ರ ಬೇಕಾಗಿದೆ. ಆ ಸೂತ್ರವಾಗಿ ಸಿಕ್ಕಿದ್ದು ಎರಡೇ: ಆಧಾರ್ ಸಂಖ್ಯೆ ಮತ್ತು ಹೆಸರು. ಸಂಖ್ಯೆ ಹಳೆಯ ದಾಖಲೆಗಳಲ್ಲಿ ಇಲ್ಲ. ಹೆಸರು ಎಲ್ಲ ಕಡೆ ಇದೆ, ಆದರೆ ಒಂದೊಂದು ಕಡೆ ಒಂದೊಂದು ಥರ.

ನಮ್ಮ ಸೀಮೆಯ ಹೆಸರುಗಳನ್ನು ಬಲ್ಲವರಿಗೆ ಇದರ ಕಷ್ಟ ವಿವರಿಸಬೇಕಿಲ್ಲ. ಮಲೆಮಹದೇಶ್ವರ, ಬಿಳಿಗಿರಿರಂಗ, ಸಿದ್ದಪ್ಪಾಜಿ, ನಂಜುಂಡೇಶ್ವರ, ಈ ನಾಲ್ಕು ದೇವರ ಹೆಸರಿನಲ್ಲೇ ಊರಿನ ಅರ್ಧ ಜನ ಇದ್ದಾರೆ. ಒಬ್ಬನೇ ಮನುಷ್ಯ ಪಹಣಿಯಲ್ಲಿ ‘ಮಾದಯ್ಯ ಬಿನ್ ಸಿದ್ದಯ್ಯ’, ಶಾಲಾ ದಾಖಲೆಯಲ್ಲಿ ‘ಎಸ್. ಮಹದೇವಯ್ಯ’, ಆಧಾರ್‌ನಲ್ಲಿ ‘ಮಹದೇವ’, ಬ್ಯಾಂಕಿನಲ್ಲಿ ‘ಮಹದೇವ ಎಸ್’, ಪಡಿತರ ಚೀಟಿಯಲ್ಲಿ ‘ಮಾದೇವಯ್ಯ’. ಊರಿನಲ್ಲಿ ಇವರೆಲ್ಲ ಒಬ್ಬರೇ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಕಂಪ್ಯೂಟರಿಗೆ ಐದು ಜನ. ಅದೂ ಸಾಲದೆಂಬಂತೆ ಪಹಣಿ ಇರುವುದು ಕನ್ನಡದಲ್ಲಿ, ಬ್ಯಾಂಕಿನ ದಾಖಲೆ ಇರುವುದು ಇಂಗ್ಲಿಷಿನಲ್ಲಿ. ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರಕ್ಕೆ ತರುವಾಗ ಒಬ್ಬ ಆಪರೇಟರ್ ಕೊನೆಗೆ ‘ಯು’ ಸೇರಿಸುತ್ತಾನೆ, ಇನ್ನೊಬ್ಬ ಬಿಡುತ್ತಾನೆ, ಮತ್ತೊಬ್ಬ ‘ಯ್ಯ’ಕ್ಕೆ ‘ಎ’ ಒಂದೋ ಎರಡೋ ಎಂದು ತನಗೆ ತೋಚಿದಂತೆ ಒತ್ತುತ್ತಾನೆ. ತಂತ್ರಾಂಶ ಎರಡು ಹೆಸರುಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ, ಸಾಕಷ್ಟು ಹೊಂದದಿದ್ದರೆ ‘ನೇಮ್ ಮಿಸ್‌ಮ್ಯಾಚ್’ ಎಂದು ಕೈಚೆಲ್ಲುತ್ತದೆ. ಅಲ್ಲಿಂದ ಶುರುವಾಗುತ್ತದೆ ಅಫಿಡವಿಟ್ಟಿನ ಕೆಲಸ, ನೋಟರಿಯ ಖರ್ಚು, ‘ಇವರಿಬ್ಬರೂ ಒಬ್ಬರೇ’ ಎಂಬ ದೃಢೀಕರಣ.

ಲೆಕ್ಕದ ಪುಸ್ತಕಗಳು ಹೊಂದಿಕೊಳ್ಳದಿರುವುದು ಈ ಸೀಮೆಗೆ ಹೊಸದೂ ಅಲ್ಲ. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಸೀಮೆ. ಮೈಸೂರು ಸಂಸ್ಥಾನದೊಳಗೇ ಇದ್ದರೂ ಅದರ ವ್ಯವಹಾರ ಬೇರೆ. ಪಕ್ಕದ ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಇಲ್ಲಿ ಶಾನುಭೋಗರು, ಅಲ್ಲಿ ಕರಣಂ. ಇಲ್ಲಿ ಪಹಣಿ, ಅಲ್ಲಿ ಅಡಂಗಲ್ ಮತ್ತು ಚಿಟ್ಟಾ. ಮದುವೆ, ಸಂತೆ, ಜಾತ್ರೆ ಎಲ್ಲ ಒಟ್ಟಿಗೇ ನಡೆಯುತ್ತಿದ್ದ ನೆರೆಹೊರೆಯ ಊರುಗಳ ಜಮೀನಿಗೆ ಎರಡು ರಾಜ್ಯದ ಎರಡು ಪದ್ಧತಿ. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಆಮೇಲೆ ಹನೂರು ಕೊಳ್ಳೇಗಾಲದಿಂದ ಬೇರೆಯಾಗಿ ತಾಲ್ಲೂಕಾಯಿತು. ಗಡಿ ಬದಲಾದಾಗಲೆಲ್ಲ ದಾಖಲೆಗಳನ್ನು ಹೊಂದಿಸಬೇಕಾಯಿತು. ಆಗ ಹೊಂದಿಸಿದವರು ಗುಮಾಸ್ತರು, ಸರ್ಕಾರದ ಸಂಬಳ ಪಡೆದು. ಈಗ ಹೊಂದಿಸುತ್ತಿರುವವರು ರೈತರು, ತಮ್ಮ ಬಸ್ ಚಾರ್ಜು ಕೊಟ್ಟುಕೊಂಡು. ನನ್ನ ತಕರಾರು ಇರುವುದು ಈ ಬದಲಾವಣೆಯ ಬಗ್ಗೆ.

ಕರ್ನಾಟಕ ಈ ವಿಷಯದಲ್ಲಿ ಹಿಂದುಳಿದ ರಾಜ್ಯವಲ್ಲ ಎಂಬುದನ್ನೂ ಹೇಳಬೇಕು. ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಈ ಶತಮಾನದ ಮೊದಲ ವರ್ಷಗಳಲ್ಲೇ ಕೈಬರಹದ ಪಹಣಿ ನಿಂತು, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಪಹಣಿ ಪಡೆಯುವಂತಾಯಿತು. ದೇಶದ ಬೇರೆ ರಾಜ್ಯಗಳು ಬಂದು ನೋಡಿಹೋದ ಕೆಲಸ ಅದು. ಆದರೆ ಹಳೆಯ ಪುಸ್ತಕದಲ್ಲಿದ್ದ ತಪ್ಪು, ಅಡ್ಡಹೆಸರು, ಸತ್ತವರ ಹೆಸರು ಎಲ್ಲವೂ ಇದ್ದಂತೆಯೇ ಕಂಪ್ಯೂಟರಿಗೂ ಬಂದವು. ಅಜ್ಜನ ಹೆಸರಿನಲ್ಲೇ ಉಳಿದ ಪಹಣಿ ಕಾಗದವಾಗಿದ್ದಾಗ ಮನೆಯೊಳಗಿನ ವಿಷಯವಾಗಿತ್ತು. ಊರವರ ಬಾಯಿಮಾತಿನಲ್ಲಿ ಉಳುಮೆ, ಪಾಲು, ಸಾಲ ಎಲ್ಲ ನಡೆಯುತ್ತಿತ್ತು. ಅದೇ ಪಹಣಿಯ ಮೇಲೆ ಹತ್ತು ಯೋಜನೆಗಳು ನಿಂತ ಮೇಲೆ ಆ ಒಂದು ಹೆಸರು ಹತ್ತು ಬಾಗಿಲು ಮುಚ್ಚಿತು.

ಆ ಬಾಗಿಲುಗಳಲ್ಲಿ ದೊಡ್ಡದು ‘ಫ್ರೂಟ್ಸ್’. ರೈತರನ್ನು ಒಮ್ಮೆ ನೋಂದಾಯಿಸಿ, ಆಧಾರ್, ಪಹಣಿ, ಬ್ಯಾಂಕ್ ಖಾತೆ ಮೂರನ್ನೂ ಒಂದು ಎಫ್‌ಐಡಿ ಸಂಖ್ಯೆಗೆ ಕಟ್ಟಿದರೆ ಕೃಷಿ, ತೋಟಗಾರಿಕೆ, ರೇಷ್ಮೆ, ಪಶುಸಂಗೋಪನೆ ಇಲಾಖೆಗಳು ಮತ್ತೆ ಮತ್ತೆ ಕಾಗದ ಕೇಳಬೇಕಿಲ್ಲ ಎಂಬುದು ಇದರ ಹಿಂದಿನ ಯೋಚನೆ. ಯೋಚನೆ ಸರಿಯಾದದ್ದೇ. ಬೆಂಬಲ ಬೆಲೆಗೆ ಭತ್ತವೋ ರಾಗಿಯೋ ಕೊಡಬೇಕಾದರೂ ಇದು ಬೇಕು. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದಾಗ ಪರಿಹಾರದ ಹಣ ಹಂಚಿದ್ದು ಇದೇ ಪಟ್ಟಿಯ ಆಧಾರದ ಮೇಲೆ. ಆಗ ತಿಳಿದದ್ದೇನೆಂದರೆ, ಎಷ್ಟೋ ರೈತರು ಫ್ರೂಟ್ಸ್‌ನಲ್ಲಿ ಇಲ್ಲವೇ ಇಲ್ಲ, ಇದ್ದವರಲ್ಲೂ ಎಷ್ಟೋ ಜನರ ಎಲ್ಲ ಸರ್ವೆ ನಂಬರ್‌ಗಳು ಸೇರಿಲ್ಲ. ಮೂರು ತುಂಡು ಜಮೀನಿದ್ದವರಿಗೆ ಒಂದು ತುಂಡಿನ ಪರಿಹಾರ ಬಂತು. ಉಳಿದ ಎರಡೂ ‘ಭೂಮಿ’ಯಲ್ಲಿ ಅವರ ಹೆಸರಿನಲ್ಲೇ ಇದ್ದವು. ಒಂದೇ ಸರ್ಕಾರದ ಎರಡು ಕಂಪ್ಯೂಟರುಗಳಲ್ಲಿ ಒಂದಕ್ಕೆ ಗೊತ್ತಿದ್ದದ್ದು ಇನ್ನೊಂದಕ್ಕೆ ಗೊತ್ತಿರಲಿಲ್ಲ. ಅದನ್ನು ತಿಳಿಸುವ ಹೊಣೆ ರೈತನದಾಗಿತ್ತು. ಬರದ ವರ್ಷದಲ್ಲಿ.

ಗದ್ದೆಯಲ್ಲಿ ನಿಂತವನು ಗದ್ದೆಯ ಹೊರಗೆ

ಬೆಳೆ ಸಮೀಕ್ಷೆಯ ಆ್ಯಪನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಹೊಂದಾಣಿಕೆ ತಪ್ಪುವುದು ಎಷ್ಟು ಸೂಕ್ಷ್ಮವಾದ ಜಾಗದಲ್ಲಿ ಎಂಬುದು ಅಲ್ಲಿ ಕಾಣುತ್ತದೆ. 2020ರ ಮುಂಗಾರಿನಿಂದ ರೈತರೇ ತಮ್ಮ ಫೋನಿನಲ್ಲಿ ಬೆಳೆಯ ವಿವರ ದಾಖಲಿಸಿ ಫೋಟೊ ಹಾಕುವ ಅವಕಾಶ ಬಂತು. ಅವರು ಮಾಡದಿದ್ದರೆ ಪಿಆರ್ ಎಂದು ಕರೆಯುವ ಊರಿನದೇ ಓದಿದ ಹುಡುಗರು ಬಂದು ಮಾಡುತ್ತಾರೆ. ಫೋಟೊ ತೆಗೆಯುವಾಗ ಫೋನು ನೀವು ಆ ಸರ್ವೆ ನಂಬರಿನ ಗಡಿಯೊಳಗೆ ನಿಂತಿದ್ದೀರಾ ಎಂದು ಪರೀಕ್ಷಿಸುತ್ತದೆ. ಮನೆಯಲ್ಲೇ ಕೂತು ಸುಳ್ಳು ಬೆಳೆ ಬರೆಯಬಾರದೆಂದು ಹಾಕಿದ ಕಟ್ಟು ಅದು, ಉದ್ದೇಶ ಒಳ್ಳೆಯದು.

ಈಗ ಅಳತೆ ನೋಡಿ. ನಮ್ಮ ಜಮೀನು ಅಳೆದದ್ದು 33 ಅಡಿಯ ಸರಪಳಿಯಿಂದ. ಸರಪಳಿ ಉದ್ದ, ಸರಪಳಿ ಅಗಲ ಸೇರಿದರೆ ಒಂದು ಗುಂಟೆ, ಅಂದರೆ 1089 ಚದರ ಅಡಿ. ಅಂಥ 40ಕ್ಕೆ ಒಂದು ಎಕರೆ. ಆರು ಸರಪಳಿ ಅಗಲದ, 220 ಅಡಿ ಉದ್ದದ ಒಂದು ಎಕರೆಯನ್ನು ನಾಲ್ಕು ಜನ ಅಣ್ಣತಮ್ಮಂದಿರು ಉದ್ದಕ್ಕೆ ಸೀಳಿಕೊಂಡರೆ ತಲಾ ಹತ್ತು ಗುಂಟೆ. ಒಂದೊಂದು ಪಟ್ಟಿಯ ಅಗಲ ಸುಮಾರು 15 ಮೀಟರ್. ಪಟ್ಟಿಯ ನಟ್ಟನಡುವೆ ನಿಂತರೂ ಎರಡೂ ಬದುವಿಗೆ ಏಳೂವರೆ ಮೀಟರ್. ಬಯಲಿನಲ್ಲಿ, ಆಕಾಶ ತೆರೆದಿರುವಾಗ, ಸಾಮಾನ್ಯ ಫೋನಿನ ಜಿಪಿಎಸ್ ತೋರಿಸುವ ಜಾಗ ನಿಜವಾದ ಜಾಗದಿಂದ ಐದು ಮೀಟರಿನಷ್ಟು ಆಚೀಚೆ ಇರಬಹುದು. ತೆಂಗಿನ ಮರದಡಿ ಇನ್ನೂ ಹೆಚ್ಚು. ಇದರ ಮೇಲೆ, ಹಳೆಯ ಕಾಗದದ ಗ್ರಾಮನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಗೆರೆ ಕೆಲವು ಮೀಟರ್ ಜರುಗಿದ್ದರೆ ಮುಗಿಯಿತು. ತನ್ನ ಭತ್ತದ ಗದ್ದೆಯಲ್ಲಿ ಕೆಸರಿನಲ್ಲಿ ನಿಂತವನಿಗೆ ಫೋನು ‘ನೀವು ಗಡಿಯ ಹೊರಗಿದ್ದೀರಿ’ ಎನ್ನುತ್ತದೆ. ಅವನು ಪಕ್ಕದವನ ಬದುವಿನ ಕಡೆಗೆ ಹೆಜ್ಜೆ ಹಾಕುತ್ತಾನೆ, ಅಲ್ಲಿರುವುದು ಕಬ್ಬು. ಫೋಟೊ ಬಿತ್ತು, ಅಪ್‌ಲೋಡ್ ಆಯಿತು.

ಪೋಡಿ ಆಗದ ಜಮೀನಿನದು ಬೇರೆ ಕಷ್ಟ. ನಾಲ್ವರೂ ಒಂದೇ ಹಿಸ್ಸಾದ ಜಂಟಿ ಪಹಣಿಯಲ್ಲಿದ್ದರೆ ನಕ್ಷೆಯಲ್ಲಿ ಅದು ಒಂದೇ ತುಂಡು. ಯಾರ ಪಾಲು ಎಷ್ಟು, ಯಾರ ಪಾಲಿನಲ್ಲಿ ಯಾವ ಬೆಳೆ ಎಂಬುದು ನೆಲದ ಮೇಲೆ ಬದುವಾಗಿ ಇದೆ, ಮನೆಯವರ ಮನಸ್ಸಿನಲ್ಲಿ ಇದೆ, ಸರ್ಕಾರದ ಗೆರೆಯಲ್ಲಿ ಇಲ್ಲ. ಒಬ್ಬ ಮೊದಲು ಹೋಗಿ ಇಡೀ ತುಂಡಿಗೆ ಒಂದು ಬೆಳೆ ಹಾಕಿದರೆ ಉಳಿದವರ ಹಿಪ್ಪುನೇರಳೆ, ಅರಿಶಿನ ಎಲ್ಲ ದಾಖಲೆಯಲ್ಲಿ ಮಾಯ.

ಈ ಒಂದು ತಪ್ಪು ಅಲ್ಲಿಗೇ ನಿಂತರೆ ಚಿಂತೆಯಿರಲಿಲ್ಲ. ನನಗೆ ನೋವಾಗುವುದು ಇಲ್ಲಿ: ತಪ್ಪು ಮಾತ್ರ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಲೀಸಾಗಿ ಹರಿಯುತ್ತದೆ, ತಿದ್ದುಪಡಿ ಹರಿಯುವುದಿಲ್ಲ. ಸಮೀಕ್ಷೆಯಲ್ಲಿ ಬಿದ್ದ ಬೆಳೆ ಪಹಣಿಯ ಬೆಳೆ ಕಾಲಂಗೆ ಹೋಗುತ್ತದೆ. ಅಲ್ಲಿಂದ ಖರೀದಿ ಕೇಂದ್ರದವರು ನೋಡುತ್ತಾರೆ. ‘ನಿಮ್ಮದು ಭತ್ತ ಅಂತ ಇಲ್ಲವಲ್ಲ’ ಎನ್ನುತ್ತಾರೆ. ಬೆಳೆ ವಿಮೆಯ ‘ಸಂರಕ್ಷಣೆ’ ಪೋರ್ಟಲ್ ನೋಡುತ್ತದೆ. ವಿಮೆ ಕಟ್ಟಿದ ಬೆಳೆಯೂ ಸಮೀಕ್ಷೆಯ ಬೆಳೆಯೂ ತಾಳೆಯಾಗದ ಪ್ರಸ್ತಾವ ತಿರಸ್ಕೃತವಾಗುತ್ತದೆ. ಇಲ್ಲಿ ಕಾಲದ ತೊಡಕೂ ಇದೆ. ವಿಮೆ ಕಟ್ಟಲು ಕೊನೆಯ ದಿನ ಮೊದಲೇ ಬಂದುಬಿಡುತ್ತದೆ, ಸಮೀಕ್ಷೆ ನಡೆಯುವುದು ಪೈರು ಎದ್ದ ಮೇಲೆ. ಮಳೆ ಕೈಕೊಟ್ಟು ಬೆಳೆ ಬದಲಿಸಿದ ರೈತ, ತಾನು ಮಾಡಿದ್ದು ಸರಿಯಾದ ಬೇಸಾಯವೇ ಆದರೂ, ಎರಡು ಕಂಪ್ಯೂಟರುಗಳ ನಡುವೆ ಸುಳ್ಳುಗಾರನಂತೆ ಕಾಣುತ್ತಾನೆ. ತಪ್ಪನ್ನು ನೋಡಿ ಆಕ್ಷೇಪಣೆ ಹಾಕಲು ‘ಬೆಳೆ ದರ್ಶಕ್’ ಎಂಬ ಇನ್ನೊಂದು ಆ್ಯಪ್ ಇದೆ. ಇರುವುದು ಒಳ್ಳೆಯದೇ. ಆದರೆ ತನ್ನ ಗದ್ದೆಯಲ್ಲಿ ಭತ್ತ ಇದೆಯೆಂದು ಸಾಧಿಸಲು ಮತ್ತೊಂದು ಆ್ಯಪ್ ಇಳಿಸಿಕೊಳ್ಳಬೇಕೆಂಬುದು ಅರವತ್ತು ದಾಟಿದವರಿಗೆ ಹೇಗೆ ತಿಳಿಯಬೇಕು?

ದುಡ್ಡು ಹೋದ ಬ್ಯಾಂಕು

‘ದುಡ್ಡು ಹಾಕಿದ್ದೀವಿ ಅಂತ ತೋರಸ್ತದ, ಬ್ಯಾಂಕ್ನಲ್ಲಿ ನೋಡುದ್ರ ಇಲ್ಲ. ಇನ್ನ ಎಷ್ಟ್ ಸಲ ಬರದು ಕೂಸು?’ ಗ್ರಾಮ ಒನ್ ಕೇಂದ್ರದ ಹುಡುಗನ ಮುಂದೆ ಅಜ್ಜಿಯರು ಕೇಳುವ ಮಾತಿದು. ಅವನ ಉತ್ತರವೂ ಸಿದ್ಧ: ‘ಅವ್ವ, ಎನ್‌ಪಿಸಿಐ ಆಗಿಲ್ಲ.’ ಏನು ಆಗಿಲ್ಲ ಎಂಬುದು ಅಜ್ಜಿಗೂ ತಿಳಿಯುವುದಿಲ್ಲ, ಎಷ್ಟೋ ಸಲ ಹುಡುಗನಿಗೂ.

ಇದು ಬಿಡಿಸಿ ಹೇಳಬೇಕಾದ ವಿಷಯ. ಪಿಎಂ ಕಿಸಾನ್ ಆಗಲಿ, ಗೃಹಲಕ್ಷ್ಮಿಯಾಗಲಿ, ಬರ ಪರಿಹಾರವಾಗಲಿ, ಆಧಾರ್ ಆಧರಿಸಿದ ನೇರ ನಗದು ವರ್ಗಾವಣೆ, ಅಂದರೆ ಡಿಬಿಟಿಯಲ್ಲಿ ಹಣ ಬರುವಾಗ ಸರ್ಕಾರ ಖಾತೆ ಸಂಖ್ಯೆ ನೋಡುವುದಿಲ್ಲ. ಹಣ ಆಧಾರ್ ಸಂಖ್ಯೆಗೆ ಹೋಗುತ್ತದೆ. ಆ ಸಂಖ್ಯೆಗೆ ಯಾವ ಬ್ಯಾಂಕ್ ಎಂಬ ಪಟ್ಟಿಯನ್ನು ಎನ್‌ಪಿಸಿಐ ಎಂಬ ಸಂಸ್ಥೆ ಇಟ್ಟುಕೊಂಡಿದೆ. ಅದಕ್ಕೆ ಮ್ಯಾಪರ್ ಎನ್ನುತ್ತಾರೆ. ಒಂದು ಆಧಾರ್‌ಗೆ ಒಂದೇ ಬ್ಯಾಂಕ್, ಅದೂ ಕೊನೆಯದಾಗಿ ಒಪ್ಪಿಗೆ ಕೊಟ್ಟು ಜೋಡಿಸಿದ ಬ್ಯಾಂಕ್. ಪಾಸ್‌ಬುಕ್ಕಿನ ಖಾತೆಗೆ ಆಧಾರ್ ‘ಲಿಂಕ್’ ಆಗಿರುವುದು ಬೇರೆ, ಮ್ಯಾಪರ್‌ನಲ್ಲಿ ಆ ಬ್ಯಾಂಕ್ ಕೂತಿರುವುದು ಬೇರೆ. ಐದು ಬ್ಯಾಂಕಿಗೆ ಆಧಾರ್ ಕೊಟ್ಟಿರಬಹುದು, ಹಣ ಬರುವುದು ಒಂದಕ್ಕೇ. ಯಾರೋ ಮನೆ ಬಾಗಿಲಿಗೆ ಬಂದು ಹೊಸ ಖಾತೆ ತೆರೆದು ಬೆರಳಚ್ಚು ಪಡೆದಾಗ ಒಂದು ಟಿಕ್ ಬಿದ್ದಿದ್ದರೆ ಹಣದ ದಾರಿಯೇ ಬದಲಾಗಿರುತ್ತದೆ. ಅದು ಮೆಸೇಜಾಗಿ ಬಂದರೂ ಇಂಗ್ಲಿಷಿನಲ್ಲಿ, ಊರಿನಲ್ಲಿಲ್ಲದ ಮಗನ ಫೋನಿಗೆ. ದೇಶದಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಬೆಳಕಿಗೆ ಬಂದದ್ದು 2017ರಲ್ಲಿ, ಸಿಮ್‌ಗೆ ಆಧಾರ್ ಪರಿಶೀಲನೆ ಮಾಡಿಸಲು ಹೋದ ಲಕ್ಷಾಂತರ ಜನರ ಗ್ಯಾಸ್ ಸಬ್ಸಿಡಿ ಅವರಿಗೇ ಅರಿವಿಲ್ಲದೆ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕಿನ ಖಾತೆಗಳಿಗೆ ಹೋದಾಗ. ಆಧಾರ್ ಪ್ರಾಧಿಕಾರ ಆ ಬ್ಯಾಂಕಿನ ಇ-ಕೆವೈಸಿ ಪರವಾನಗಿಯನ್ನು ಆ ಡಿಸೆಂಬರಿನಲ್ಲಿ ತಡೆಹಿಡಿಯಿತು.

ಓದುಗರ ಮನೆಯಲ್ಲಿ ಇಂಥ ಹಣ ನಿಂತಿದ್ದರೆ ಮೊದಲು ನೋಡಬೇಕಾದದ್ದು ಇದೇ: ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ತೆರೆದರೆ ಈಗ ಯಾವ ಬ್ಯಾಂಕ್ ಕೂತಿದೆ ಎಂದು ಹೆಸರು ಸಮೇತ ತೋರಿಸುತ್ತದೆ. ಬೇಕಾದ ಬ್ಯಾಂಕಿಗೆ ಹೋಗಿ ‘ಆಧಾರ್ ಸೀಡಿಂಗ್, ಡಿಬಿಟಿಗೆ’ ಎಂದು ಸ್ಪಷ್ಟವಾಗಿ ಬರೆದುಕೊಡಬೇಕು. ಬರೀ ‘ಲಿಂಕ್ ಮಾಡಿ’ ಎಂದರೆ ಸಾಲದು.

ಆದರೆ ಆ ಸ್ಥಿತಿ ನೋಡಲೂ ಒಟಿಪಿ ಬೇಕು. ಒಟಿಪಿ ಹೋಗುವುದು ಹತ್ತು ವರ್ಷದ ಹಿಂದೆ ಆಧಾರ್ ಮಾಡಿಸುವಾಗ ಕೊಟ್ಟ ನಂಬರಿಗೆ. ಆ ಸಿಮ್ ರೀಚಾರ್ಜ್ ಇಲ್ಲದೆ ನಿಂತು, ಕಂಪನಿ ಅದನ್ನು ಬೇರೆ ಯಾರಿಗೋ ಕೊಟ್ಟಿರಬಹುದು. ಒಟಿಪಿ ಬಿಟ್ಟು ಬೆರಳಚ್ಚಿಗೆ ಹೋದರೆ ನೂಲು ತೆಗೆಯುವವರ ಪಾಡು ಬೇರೆ. ರೇಷ್ಮೆ ಗೂಡು ಬೆಂದ ಬಿಸಿನೀರಿನಲ್ಲಿ ವರ್ಷಗಟ್ಟಲೆ ಬೆರಳಾಡಿಸಿ ಎಳೆ ಹುಡುಕಿದವರ ತುದಿಬೆರಳಿನ ಗೆರೆ ಸವೆದಿರುತ್ತದೆ. ಯಂತ್ರ ಅವರನ್ನು ಗುರುತಿಸುವುದಿಲ್ಲ. ಮೈಸೂರು ಸಿಲ್ಕ್ ಎಂದು ನಾವು ಹೆಮ್ಮೆಪಡುವ ಬಟ್ಟೆಯ ಎಳೆ ಬಿಡಿಸಿದ ಕೈಗಳು ಪಡಿತರದ ಯಂತ್ರದ ಮುಂದೆ ಒರೆಸಿ ಒರೆಸಿ ಒತ್ತಬೇಕಾಗಿರುವುದನ್ನು ಸಣ್ಣ ತಾಂತ್ರಿಕ ದೋಷ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಇನ್ನು ಹನೂರು ಕಡೆಯ ಕಾಡಂಚಿನ ಊರುಗಳು, ಸೋಲಿಗರ ಪೋಡುಗಳಲ್ಲಿ ಸಿಗ್ನಲ್ಲೇ ಮೊದಲ ಪ್ರಶ್ನೆ. ಸಿಂಕ್ ಆಗುವುದು ಆಮೇಲಿನ ಮಾತು.

ಇದೇ ಕಥೆ ಅಂಗನವಾಡಿ, ಆಶಾ ಕಾರ್ಯಕರ್ತೆಯರದ್ದು. ಒಬ್ಬ ಬಸುರಿಯ ವಿವರ ಆರೋಗ್ಯ ಇಲಾಖೆಯ ಆರ್‌ಸಿಎಚ್ ಪೋರ್ಟಲ್‌ಗೆ ಒಮ್ಮೆ, ಮಹಿಳಾ ಮತ್ತು ಮಕ್ಕಳ ಇಲಾಖೆಯ ಪೋಷಣ್ ಟ್ರ್ಯಾಕರ್‌ಗೆ ಇನ್ನೊಮ್ಮೆ. ಎರಡೂ ಅದೇ ಬೀದಿಯ ಅದೇ ಹೆಣ್ಣುಮಗಳು. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಅಹೋರಾತ್ರಿ ಕೂತಾಗ ಗೌರವಧನದ ಜೊತೆಗೆ ಅವರೆತ್ತಿದ ಪ್ರಶ್ನೆಗಳಲ್ಲಿ ಒಂದು ಈ ಪೋರ್ಟಲ್‌ನದೇ. ಮನೆಮನೆಗೆ ನಡೆದು ಕೆಲಸ ಮಾಡಿದವರು ಅವರು, ಪೋರ್ಟಲ್‌ಗೆ ತುಂಬುವವರು ಬೇರೆಯವರು, ಪೋರ್ಟಲ್‌ನಲ್ಲಿ ಕಾಣದ ಕೆಲಸಕ್ಕೆ ಪ್ರೋತ್ಸಾಹಧನವಿಲ್ಲ. ಅದೇ ವರ್ಷದ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಮನೆಗಳನ್ನು ಗುರುತಿಸಿದ್ದು ವಿದ್ಯುತ್ ಮೀಟರಿನ ಮೂಲಕ. 60 ಪ್ರಶ್ನೆ ಹಿಡಿದು ಹೊರಟ ಶಿಕ್ಷಕರು ಮೊದಲ ದಿನಗಳಲ್ಲಿ ಸರ್ವರ್ ಜೊತೆಗೂ, ನಕ್ಷೆಯಲ್ಲಿ ಎಲ್ಲೆಲ್ಲೋ ಬಿದ್ದ ಮನೆಗಳ ಜೊತೆಗೂ ಹೆಣಗಬೇಕಾಯಿತು.

ಹಾಗಾದರೆ ಬೇರೆ ಬೇರೆಯವರ ತಂತ್ರಾಂಶಗಳು ಹೊಂದಿಕೊಂಡು ನಡೆಯುವುದು ಸಾಧ್ಯವೇ ಇಲ್ಲವೇ? ಮಾಂಬಳ್ಳಿಯ ಟೀ ಅಂಗಡಿಯ ಗೋಡೆಯ ಮೇಲೆ ಅಂಟಿಸಿದ ಕ್ಯೂಆರ್ ಚೀಟಿಯೇ ಉತ್ತರ. ಅಂಗಡಿಯವರ ಖಾತೆ ಒಂದು ಬ್ಯಾಂಕಿನದು, ಚೀಟಿ ಇನ್ನೊಂದು ಕಂಪನಿಯದು, ಗಿರಾಕಿಯ ಆ್ಯಪ್ ಮೂರನೆಯವರದು, ಗಿರಾಕಿಯ ಬ್ಯಾಂಕ್ ನಾಲ್ಕನೆಯದು. ಹತ್ತು ರೂಪಾಯಿ ಎರಡು ಸೆಕೆಂಡಿನಲ್ಲಿ ದಾಟುತ್ತದೆ. 2016ರಲ್ಲಿ ಯುಪಿಐ ಬಂದಾಗ ಅದಕ್ಕೆ ಸೇರಿದ ಬ್ಯಾಂಕುಗಳೆಲ್ಲ ಒಂದೇ ನಿಯಮಕ್ಕೆ ಒಪ್ಪಬೇಕಾಯಿತು. ಹಣ ಕಡಿತವಾಗಿ ತಲುಪದಿದ್ದರೆ ಎಷ್ಟು ದಿನದಲ್ಲಿ ಯಾರು ಹಿಂತಿರುಗಿಸಬೇಕು ಎಂಬುದಕ್ಕೂ ಕಟ್ಟಳೆ ಬಂತು. ಅದಕ್ಕೂ ಮೊದಲು, 2011ರ ಜನವರಿಯಲ್ಲಿ, ನಂಬರ್ ಬದಲಿಸದೆ ಮೊಬೈಲ್ ಕಂಪನಿ ಬದಲಿಸುವ ಹಕ್ಕು ದೇಶಕ್ಕೆಲ್ಲ ಬಂತು. ಎರಡರಲ್ಲೂ ಕಂಪನಿಗಳು ತಾವಾಗಿ ಒಗ್ಗೂಡಲಿಲ್ಲ. ಒಗ್ಗೂಡಲೇಬೇಕೆಂಬ ನಿಯಮ ಇತ್ತು, ತಪ್ಪಿದರೆ ಯಾರ ಹೊಣೆ ಎಂಬುದು ಬರೆದಿತ್ತು.

ಎಸ್ಟೋನಿಯ ಎಂಬ ಪುಟ್ಟ ದೇಶ 2001ರಿಂದ ತನ್ನ ಇಲಾಖೆಗಳ ಕಂಪ್ಯೂಟರುಗಳನ್ನು ಎಕ್ಸ್-ರೋಡ್ ಎಂಬ ವ್ಯವಸ್ಥೆಯಿಂದ ಜೋಡಿಸಿಕೊಂಡಿದೆ. ಅಲ್ಲಿ ಎಲ್ಲವನ್ನೂ ಒಂದೇ ದೊಡ್ಡ ಕಣಜಕ್ಕೆ ಸುರಿದಿಲ್ಲ. ಪ್ರತಿ ಇಲಾಖೆ ತನ್ನ ದಾಖಲೆಯನ್ನು ತಾನೇ ಇಟ್ಟುಕೊಳ್ಳುತ್ತದೆ, ಬೇಕಾದಾಗ ಇನ್ನೊಂದು ಇಲಾಖೆ ಕೇಳಿ ಪಡೆಯುತ್ತದೆ. ಒಂದೇ ಮಾಹಿತಿಗೆ ಎರಡು ಇಲಾಖೆ ಎರಡು ದತ್ತಾಂಶ ಕಟ್ಟುವುದನ್ನು ಕಾನೂನೇ ತಡೆದಿದೆ. ಎಲ್ಲವನ್ನೂ ಆಧಾರ್‌ಗೆ ಬಿಗಿದು ಒಂದೇ ಕಡೆ ತುಂಬುವುದೇ ಪರಿಹಾರ ಎಂದು ನಂಬುವವರು ಇದನ್ನು ಗಮನಿಸಬೇಕು. ಹೊಂದಾಣಿಕೆಗೆ ಕೇಂದ್ರೀಕರಣ ಬೇಕಿಲ್ಲ; ಒಪ್ಪಂದ ಬೇಕು. ಒಂದೇ ಕಡೆ ತುಂಬಿದರೆ ಒಂದು ತಪ್ಪಿಗೆ ಇಡೀ ಮನೆ ಮುಳುಗುವ ಅಪಾಯವೂ ಇದೆ.

ನಮ್ಮಲ್ಲೂ ಒಳ್ಳೆಯ ಉದಾಹರಣೆ ಇಲ್ಲದಿಲ್ಲ. ಉಪನೋಂದಣಿ ಕಚೇರಿಯ ‘ಕಾವೇರಿ’ಯಲ್ಲಿ ಕ್ರಯಪತ್ರ ನೋಂದಣಿಯಾದರೆ ಅದು ತಾನಾಗಿ ‘ಭೂಮಿ’ಗೆ ಹೋಗಿ ಮ್ಯುಟೇಷನ್ ಶುರುವಾಗುತ್ತದೆ. ಹಿಂದೆ ಅದಕ್ಕಾಗಿ ಬೇರೆ ಅರ್ಜಿ, ಬೇರೆ ಓಡಾಟ ಇತ್ತು. ಎರಡು ಇಲಾಖೆಗಳು ಕೂತು ಒಪ್ಪಿಕೊಂಡದ್ದರಿಂದ ಆದ ಕೆಲಸ. ಜಮೀನು ಕೊಳ್ಳುವವನಿಗೆ ಸಿಕ್ಕ ಈ ಅನುಕೂಲ ಜಮೀನು ಉಳುವವನಿಗೂ, ಗೃಹಲಕ್ಷ್ಮಿಗೆ ಕಾಯುವ ಸೊಸೆಗೂ ಸಿಗಬೇಡವೇ? ಅತ್ತೆ ತೀರಿಕೊಂಡರೆ ಪಡಿತರ ಚೀಟಿಯಲ್ಲಿ ಯಜಮಾನಿಯ ಹೆಸರು ಬದಲಾಗಬೇಕು, ಅದು ಬದಲಾಗುವವರೆಗೆ ಇನ್ನೊಂದು ಇಲಾಖೆಯ ಅರ್ಜಿ ಮುಂದೆ ಹೋಗುವುದಿಲ್ಲ. ಸಾವಿನ ನೋಂದಣಿ ಆಗಿರುವುದೂ ಸರ್ಕಾರದಲ್ಲೇ.

ಇದಕ್ಕೆ ಹೊಸ ಆ್ಯಪ್ ಬೇಡ. ಕರ್ನಾಟಕದ ಬಳಿ ಆಗಲೇ ಒಂದು ಕಾನೂನಿದೆ. 2011ರ ಸಕಾಲ ಕಾಯ್ದೆ 2012ರ ಏಪ್ರಿಲ್‌ನಿಂದ ರಾಜ್ಯಕ್ಕೆಲ್ಲ ಜಾರಿಯಲ್ಲಿದೆ. ಅರ್ಜಿಗೊಂದು ಜಿಎಸ್‌ಸಿ ನಂಬರ್, ಸೇವೆಗೊಂದು ಗಡುವು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಅರ್ಜಿದಾರರಿಗೆ ಪರಿಹಾರ, ಅದೂ ತಡ ಮಾಡಿದ ಅಧಿಕಾರಿಯಿಂದ. ಅದರ ಪಟ್ಟಿಗೆ ‘ಇಲಾಖೆಗಳ ನಡುವಿನ ದಾಖಲೆ ಹೊಂದಾಣಿಕೆ’ ಎಂಬ ಒಂದು ಸೇವೆ ಸೇರಲಿ. ಹೆಸರು ತಾಳೆಯಾಗಿಲ್ಲ, ಸರ್ವೆ ನಂಬರ್ ಬಿಟ್ಟುಹೋಗಿದೆ, ಬೆಳೆ ತಪ್ಪಾಗಿದೆ, ಹಣ ಬೇರೆ ಬ್ಯಾಂಕಿಗೆ ಹೋಗಿದೆ, ಯಾವುದೇ ಆಗಲಿ, ರೈತ ನಾಡಕಚೇರಿಯ ಒಂದೇ ಕಿಟಕಿಯಲ್ಲಿ ಒಂದೇ ಅರ್ಜಿ ಕೊಡಲಿ. ಪಡೆದ ಕಚೇರಿಯೇ ಅದನ್ನು ಸಂಬಂಧಪಟ್ಟ ಇಲಾಖೆಗೆ ದಾಟಿಸಲಿ, ತಿದ್ದುಪಡಿಯಾದ ಮೇಲೆ ಯಾವ ಯಾವ ತಂತ್ರಾಂಶದಲ್ಲಿ ಬದಲಾಯಿತು ಎಂಬ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚು ಹಾಕಿ ಕೊಡಲಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ. ಒಂದು ದಿನದ ಕೂಲಿಗೆ ಹೋಲಿಸಿದರೆ ಅದು ಏನೂ ಅಲ್ಲ. ಆದರೆ ಆ 20 ರೂಪಾಯಿ ಯಾರ ಜೇಬಿನಿಂದ ಬರಬೇಕು ಎಂದು ಕಡತದಲ್ಲಿ ಬರೆಯಬೇಕಾಗಿ ಬಂದ ದಿನ, ಎರಡು ಕಂಪ್ಯೂಟರುಗಳ ನಡುವೆ ತಂತಿ ಎಳೆಯುವ ಕೆಲಸಕ್ಕೆ ಇಲಾಖೆಗಳೇ ಮುಂದಾಗುತ್ತವೆ.